ಬೆಂಕಿಗೊಂದು ಕೌದಿ

ಬಳ್ಳಾರಿಗೆ ಎರಡೇ ಕಾಲ ಎನ್ನುತ್ತಾರೆ:
ಬೇಸಿಗೆ, ಮತ್ತು ಭಾರೀ ಬೇಸಿಗೆ.
ಊರೆಲ್ಲ ತಗಡಿಗೆ ಸುಣ್ಣ ಬಳಿದು, ಕಿಟಕಿಗೆ ಒದ್ದೆ ಗೋಣಿ ಕಟ್ಟಿ
ಬಿಸಿಯನ್ನು ಹೊರಗೆ ನಿಲ್ಲಿಸಲು ದುಡ್ಡು ಸುರಿಯುವಾಗ
ನಾನೊಬ್ಬ ಅದನ್ನು ಒಳಗೆ ಕೂಡಿಹಾಕಲು
ಎರಡು ತಿಂಗಳ ಓವರ್‌ಟೈಮ್ ಸುರಿದಿದ್ದೇನೆ.

ಕೌಲ್ ಬಜಾರಿನ ಜೀನ್ಸ್ ಯೂನಿಟ್ಟಿನಲ್ಲಿ
ಕಟಿಂಗ್ ಮಾಸ್ಟರು ನಾನು, ಗಾದಿಲಿಂಗ.
ಅರವತ್ತು ಪದರ ನೀಲಿ ಬಟ್ಟೆಯನ್ನು ಹತ್ತೊಂಬತ್ತು ವರ್ಷ
ಯಾರೋ ಮಾಡಿದ ಅಲುಗಿನಿಂದ ಕೊಯ್ದೆ.
ಒಂದು ಸಂಜೆ ಸುಮ್ಮನೆ ಅನ್ನಿಸಿತು
ಅಲುಗು ಹುಟ್ಟುವುದನ್ನು ನೋಡಬೇಕು.
ಅಷ್ಟೇ. ಮಾರಲಿಕ್ಕಲ್ಲ.

ಗುಜರಿ ಮಾಬುಸಾಬನಿಂದ ಐದು ಕಿಲೋದ ಹಳೇ ಸಿಲಿಂಡರು.
ವಾಲ್ವು ಬಿಚ್ಚಿ, ಬಾಯಿಮಟ ನೀರು ತುಂಬಿ, ಮೂರು ದಿನ ಇಟ್ಟು,
ಆಮೇಲೂ ಹೆದರುತ್ತಲೇ ಮುಖ ಕೊಯ್ದೆ.
ಒಳಗೆ ಹಾಸಲು ಉಣ್ಣೆ, ಕುರಿಯದಲ್ಲ,
ತೋರಣಗಲ್ಲಿನ ಗುತ್ತಿಗೆದಾರ ಕೊಟ್ಟ ಸೆರಾಮಿಕ್ ಉಣ್ಣೆ;
ನೋಡಲು ಅರಳೆ, ಮುಟ್ಟಿದರೆ ತುರುಚಿಸೊಪ್ಪು.
ಮಾಸ್ಕ್ ಕಟ್ಟಿ, ತೋಳುದ್ದ ಅಂಗಿ ತೊಟ್ಟು,
ಟೇಪು ಹಿಡಿದು ಅಳೆದೆ, ಸೀಮೆಸುಣ್ಣದ ಗೆರೆ ಎಳೆದೆ,
ಹೊಲಿಗೆಗೆಂದು ಅರ್ಧ ಇಂಚು ಬಿಟ್ಟೆ.
ಇಲ್ಲಿ ಎಲ್ಲಿಯ ಹೊಲಿಗೆ! ಒಬ್ಬನೇ ನಕ್ಕೆ.
ಕೊನೆಗೆ ಆ ಅರ್ಧ ಇಂಚೇ ಬಿಗಿದು ನಿಂತು
ಪದರ ಜಾರದಂತೆ ಹಿಡಿಯಿತು.

ಎರಡನೇ ಸುತ್ತು ಹಾಸುವಾಗ ಅವ್ವ ಎರ್ರೆಮ್ಮ ಬಾಗಿಲಲ್ಲಿ:
"ಬೆಂಕಿಗೂ ಕೌದಿ ಹೊದಿಸ್ತೀಯೇನೋ?
ಅದಕ್ಕೇನು ಚಳಿ ಬಂದೈತಾ?"

ನೂಲು ಹಾರದಂತೆ ಮೇಲೆ ಬೆಂಕಿಮಣ್ಣಿನ ಗಾರೆ,
ತಳಕ್ಕೆ ಒಂದೂವರೆ ಇಟ್ಟಿಗೆ.
ಒಣಗಲು ಎರಡು ಮಧ್ಯಾಹ್ನ ಸಾಕಾದವು;
ಈ ಊರ ಬಿಸಿಲು ಮೊದಲ ಸಲ ನನ್ನ ಕೆಲಸಕ್ಕೆ ಬಂತು.

ಬರ್ನರು ಮಾತ್ರ ಹಠಮಾರಿ.
ಕೆಮ್ಮಿತು, ಉಗುಳಿತು, ಹಿಮ್ಮುಖ ಉರಿದು
ನನ್ನ ಎಡಹುಬ್ಬು ತಿಂದಿತು.
ಗಾಳಿಕಿಂಡಿಯನ್ನು ಕೂದಲೆಳೆಯಷ್ಟು ತಿರುಗಿಸಿದೆ ನೋಡಿ,
ಒಮ್ಮೆಲೇ ಒಂದೇ ಸ್ವರ. ತಂಬೂರಿಯಂತೆ. ತುಂಬ ಹೊತ್ತು.

ಸಂಡೂರಿನ ಅದಿರು ಹೊತ್ತು ಹೊತ್ತು ಮುರಿದ
ಲಾರಿಯ ಕಮಾನುಪಟ್ಟಿ ಒಳಗಿಟ್ಟೆ.
ಮೊದಲು ಒಣಮೆಣಸಿನಕಾಯಿ ಕೆಂಪು,
ಆಮೇಲೆ ಪಪ್ಪಾಯಿ ಹೋಳು.

ಕಾಳಾಚಾರಿ ಬಂದ. ಅರವತ್ತು ವರ್ಷ ಕುಡುಗೋಲು ಬಡಿದ ಕೈ.
ಸಿಲಿಂಡರಿನ ಹೊರಮೈಗೆ ಅಂಗೈ ಇಟ್ಟ,
ಎರಡು ಎಣಿಸುವಷ್ಟು ಹೊತ್ತು; ಸುಡಲಿಲ್ಲ.
"ನಮ್ಮ ಕುಲುಮಿ ಮುಂದ ಮಾರ್ಗಶಿರದಾಗ ಓಣಿಗೆ ಓಣೀನೇ ಕುಂತಿರ್ತಿತ್ತು.
ಅರ್ಧ ಬೆಂಕಿ ಕಬ್ಬಿಣಕ್ಕ, ಅರ್ಧ ಮಂದಿಗೆ.
ನಿಂದು ಜಿಪುಣ ಒಲಿ ಬಿಡಪಾ."
ನಾನು ಗ್ಯಾಸಿನ ರೇಟು ಹೇಳಿದೆ.
ಅದು ಉತ್ತರವಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

ಬಡಿದು, ಅರದಿಂದ ತೀಡಿ, ಮತ್ತೆ ಕಾಯಿಸಿದೆ.
ಹಳೇ ಸ್ಪೀಕರಿನ ಅಯಸ್ಕಾಂತ ಹಿಡಿದು ಕಾದೆ;
ಅಂಟುತ್ತದೆ, ಅಂಟುತ್ತದೆ, ಅಂಟುವುದಿಲ್ಲ:
ಕಬ್ಬಿಣ ತಾನು ಯಾರೆಂದು ಮರೆತ ಗಳಿಗೆ.
ಆಗಲೇ ಅದ್ದಬೇಕು ಶೇಂಗಾ ಎಣ್ಣೆಗೆ.
ಚುರ್ರೆಂದಿತು. ಪಕ್ಕದ ಮನೆಯ ಹುಡುಗ ಗೋಡೆ ಹತ್ತಿ
"ಮಾಮಾ, ಮಿರ್ಚಿ ಬಿಡ್ತಿದೀರಾ?"

ಚಾಕು ಸೊಟ್ಟಗಾಗಿತ್ತು, ಬಾಳೆಹಣ್ಣಿನ ಹಾಗೆ.
ಆದರೆ ಅರ ಹಲ್ಲು ಕಚ್ಚದೆ ಜಾರಿತು, ಗಾಜಿನ ಮೇಲೆ ಜಾರಿದಂತೆ.
ಒಲೆಯ ಸಣ್ಣ ಉರಿಯಲ್ಲಿ ಪದ ಇಳಿಸಿ, ಹಿಡಿ ಕೂರಿಸಿ ಕೊಟ್ಟರೆ
ಅವ್ವ ಈಗ ಕುಂಬಳಕಾಯಿಗೆ ಬೇರೆ ಚಾಕು ಮುಟ್ಟುವುದಿಲ್ಲ.

ಮುಂದಿನ ಭಾನುವಾರ ಸಿಲಿಂಡರಿನ ಬೆನ್ನಿಗೆ
ಒಂದು ಪುಟ್ಟ ಕಿಂಡಿ ಕೊಯ್ದೆ.
ಉದ್ದನೆ ಪಟ್ಟಿ ಆಚೆ ಹಾಯಲಿ ಅಂತ,
ಕೇಳಿದವರಿಗೆ ಹಾಗೇ ಹೇಳುತ್ತೇನೆ.
ಕಿಂಡಿಯ ಎದುರಿಗೆ ಒಂದು ಸ್ಟೂಲು.
ಕಾಳಾಚಾರಿ ಬರುತ್ತಾನೆ, ಬಾಗಿ ಬೀಡಿ ಹಚ್ಚಿಕೊಳ್ಳುತ್ತಾನೆ,
ನೆರಳಲ್ಲೇ ನಲವತ್ತೆರಡು ಡಿಗ್ರಿಯ ಮಧ್ಯಾಹ್ನ
ಮೊಣಕಾಲು ಚಾಚಿ
ಕಾಯಿಸಿಕೊಳ್ಳುತ್ತಾನೆ.